ಚಿನ್ನದ ಬೆದರುಗೊಂಬೆ

ಕೋಟಿ ನಾಣ್ಯ ಕೊಟ್ಟು ಒಂದು ಬೆದರುಗೊಂಬೆ ತರುವುದು ತಲೆ ನೆಟ್ಟಗಿರುವವರು ಮಾಡುವ ಕೆಲಸವೇ ಎಂದು ಅವನು ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಕೇಳಿದ. ಅರ್ಧ ಮಾತು ನೊರೆಯಲ್ಲಿ ಮುಳುಗಿಹೋಯಿತು.

"ಸಂಜೆಯೊಳಗೆ ಹೇಳಿಬಿಡಿ," ಎಂದಳು ಹೆಂಡತಿ, ಬಚ್ಚಲ ಬಾಗಿಲ ಆಚೆಯಿಂದ. "ನನಗಂತೂ ಬೇಕು. ಬೇಡ ಅನ್ನೋದಾದ್ರೆ ಯಾಕೆ ಬೇಡ ಅಂತ ಹೇಳಿ."

"ದುಬಾರಿ."

"ದುಡ್ಡಿದ್ಯಲ್ಲ. ಇಟ್ಕೊಂಡು ಏನ್ ಮಾಡ್ತೀರಿ, ಉಪ್ಪಿನಕಾಯಿ ಹಾಕ್ತೀರಾ?"

ಆ ದುಡ್ಡು, ಆ ಗೊಂಬೆ, ಗೊಂಬೆ ನಿಲ್ಲಬೇಕಾದ ಹೊಲ, ಯಾವುದೂ ಕೈಗೆ ಸಿಗುವಂಥದ್ದಲ್ಲ. ಎಲ್ಲವೂ ಟೀವಿಯಲ್ಲಿ ಆಡುವ ಬೇಸಾಯದ ಆಟದ್ದು. ಮೂರು ವರ್ಷಗಳಿಂದ ಗಂಡ ಹೆಂಡತಿ ಸಂಜೆಯಾದರೆ ಸೋಫಾದ ಎರಡು ತುದಿಗೆ ಕೂತು, ತಲೆಗೊಂದು ಕಂಟ್ರೋಲರ್ ಹಿಡಿದು, ತಮ್ಮಂತೆಯೇ ಕಾಣುವ ಎರಡು ಪುಟ್ಟ ಮನುಷ್ಯರನ್ನು ಓಡಾಡಿಸುತ್ತ, ಒಂದೇ ಹೊಲದಲ್ಲಿ ಬೇಸಾಯ ಮಾಡುತ್ತಿದ್ದರು. ದನ, ಕೋಳಿ, ವ್ಯಾಪಾರ ಅವಳದು. ಕಳೆ, ಬೇಲಿ, ಕಾಗೆ ಅವನದು. ಅಷ್ಟು ಹೊತ್ತು ಮಾತಿಗೇನೂ ಬರವಿರಲಿಲ್ಲ. ಟೀವಿ ಆರಿಸಿದ ಮೇಲೆ ಇಬ್ಬರೂ ಲಿಫ್ಟಿನಲ್ಲಿ ಜೊತೆಯಾದ ಅಪರಿಚಿತರಂತೆ ಬಹಳ ಮರ್ಯಾದೆಯಿಂದ ಇರುತ್ತಿದ್ದರು.

ಆಟದ ಅಂಗಡಿಯಲ್ಲಿ ಇನ್ನು ಕೊಳ್ಳುವುದಕ್ಕೂ ಏನೂ ಉಳಿದಿರಲಿಲ್ಲ. ಕೋಳಿಗೂಡಿಗೆ ಅಮೃತಶಿಲೆಯ ಮೆಟ್ಟಿಲು ಹಾಕಿಸಿ ಆಗಿತ್ತು. ಯಾರೂ ಮೀಯದ ಕಾರಂಜಿ ತಂದಾಗಿತ್ತು. ಎತ್ತಿಗೆ ರೇಷ್ಮೆಯ ಟೋಪಿ ಕೊಡಿಸಿದಂದಿನಿಂದ ಅದರ ಗತ್ತೇ ಬೇರೆಯಾಗಿ, ಉಳಲು ಕರೆದರೆ ಮುಖ ತಿರುಗಿಸುತ್ತದೆ ಎಂದು ಅವನ ದೂರು. ಅದೆಲ್ಲ ನಿಮ್ಮ ತಲೆಯೊಳಗೆ ಎಂದು ಅವಳು. ಉಳಿದದ್ದು ಈ ಚಿನ್ನದ ಬೆದರುಗೊಂಬೆ ಒಂದೇ. ಇದನ್ನು ನೆಟ್ಟರೆ ಕಾಗೆ ಬರುವುದಿಲ್ಲ, ಕಳೆ ಹುಟ್ಟುವುದಿಲ್ಲ, ಬೇಲಿ ಮುರಿಯುವುದಿಲ್ಲ, ಎಂದೆಂದಿಗೂ.

ಅಂದರೆ ಅವನ ಮೂರೂ ಕೆಲಸಕ್ಕೆ ಕತ್ತರಿ. ಕೋಟಿ ಸುರಿದು ತನ್ನನ್ನು ತಾನೇ ಕೆಲಸದಿಂದ ತೆಗೆಸಿಕೊಳ್ಳುವ ಬೆಪ್ಪ ಇನ್ನೊಬ್ಬ ಇರಲಾರ.

ಅದೂ ಹೋಗಲಿ. ಹೊಲಕ್ಕೆ ಕಾಗೆ ಇಳಿದಾಗ ಅವಳು "ರೀ, ಕಾಗೆ!" ಎಂದು ಕೂಗುತ್ತಿದ್ದಳು. ಇಡೀ ದಿನದಲ್ಲಿ ಅವನನ್ನು ಯಾರಾದರೂ ಅಷ್ಟು ಅವಸರದಿಂದ, ಅಷ್ಟು ನಂಬಿಕೆಯಿಂದ ಕರೆಯುತ್ತಿದ್ದದ್ದು ಆಗ ಮಾತ್ರ. ಆ ಕೂಗಿಗೆ ಅವನು ಎದ್ದೆನೋ ಬಿದ್ದೆನೋ ಎಂದು ಓಡುತ್ತಿದ್ದ, ಸೋಫಾದಲ್ಲಿ ಕೂತೇ. ಇದನ್ನು ಹೆಂಡತಿಗೆ ಹೇಗೆ ಹೇಳುವುದು? ನಿನ್ನ ಗಂಡನಿಗೆ ಕಾಗೆ ಬೇಕು ಎಂದೇ? ಅವನು ಬಾಯಿ ಮುಕ್ಕಳಿಸಿ ಕೆಲಸಕ್ಕೆ ಹೊರಟ.

ಕನ್ನಡಕದಂಗಡಿಯ ಹಿಂಬದಿಯ ಕತ್ತಲೆ ಕೋಣೆಯಲ್ಲಿ ಕಣ್ಣು ಪರೀಕ್ಷೆ ಮಾಡುವುದು ಅವನ ಉದ್ಯೋಗ. ಒಂದು ಗಾಜು ತೆಗೆದು ಇನ್ನೊಂದು ಹಾಕಿ, ಇದು ಚೆನ್ನಾಗಿದೆಯೋ ಅದೋ ಎಂದು ಬೆಳಗಿನಿಂದ ಸಂಜೆಯವರೆಗೆ ಕೇಳುವುದು. ಊರಿನ ಅರ್ಧ ಜನರಿಂದ ತೀರ್ಮಾನ ಹೇಳಿಸಿದವನು ತಾನು ಒಂದು ಗೊಂಬೆಗಾಗಿ ಕೈ ಕೈ ಹಿಸುಕಿಕೊಳ್ಳುತ್ತಿದ್ದಾನಲ್ಲ ಎಂದು ಅವನಿಗೆ ತನ್ನ ಮೇಲೇ ಸಿಟ್ಟು ಬಂತು.

ಮೊದಲು ಬಂದವರು ನಿವೃತ್ತ ನ್ಯಾಯಾಧೀಶರು. ಒಂದು ಕಣ್ಣು ಮುಚ್ಚಿಸಿ, ಇನ್ನೊಂದಕ್ಕೆ ಗಾಜು ಹಾಕಿದ.

"ಇದು ಚೆನ್ನಾಗಿದ್ಯಾ, ಅದಾ?"

"ಎರಡೂ ಒಂದೇ ಥರ ಇದೆ."

"ಸರಿಯಾಗಿ ನೋಡಿ ಹೇಳಿ ಸಾರ್."

"ಜೀವಮಾನವಿಡೀ ತೀರ್ಪು ಕೊಟ್ಟು ಸಾಕಾಗಿದೆ ಡಾಕ್ಟ್ರೇ. ಯಾವುದಾದ್ರೂ ಒಂದು ನೀವೇ ಹಾಕಿಬಿಡಿ."

ಕತ್ತಲೆಯಲ್ಲಿ ಮುಖ ಕಾಣದ್ದರಿಂದ ಅವನಿಗೆ ಧೈರ್ಯ ಬಂತು. "ಒಂದು ಮಾತು ಕೇಳ್ಲಾ ಸಾರ್? ನಮ್ಮ ಹೊಲಕ್ಕೆ ಒಂದು ವಸ್ತು ತರೋಣ ಅಂತ ನನ್ನ ಹೆಂಡತಿ. ವಿಪರೀತ ರೇಟು. ತಂದ್ರೆ ನನಗೆ ಅಲ್ಲಿ ಮಾಡೋಕೆ ಕೆಲಸಾನೇ ಇರಲ್ಲ."

"ಓಹೋ, ಹೊಲ ಇದ್ಯಾ ನಿಮಗೆ!" ನ್ಯಾಯಾಧೀಶರ ದನಿಯಲ್ಲಿ ಇದ್ದಕ್ಕಿದ್ದಂತೆ ಗೌರವ ಬಂತು. "ಎಷ್ಟಿದೆ?"

ನಲವತ್ತಮೂರು ಇಂಚು ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡ. "ಇಬ್ಬರಿಗೆ ಆಗೋವಷ್ಟು."

"ನೀವೇ ಮಾಡ್ತೀರಾ? ಗಂಡ ಹೆಂಡತಿ ಇಬ್ರೂ? ಭೇಷ್! ಹಾಗಾದ್ರೆ ಹಿಂದೆ ಮುಂದೆ ನೋಡಬೇಡಿ, ತಂದುಬಿಡಿ. ಕೆಲಸ ಇಲ್ಲದಿದ್ರೆ ಒಳ್ಳೇದಾಯ್ತು. ಮರದ ಕೆಳಗೆ ಕೂತು ಇಬ್ರೂ ಮಾತಾಡಿ."

"ಏನ್ ಮಾತಾಡೋದು ಸಾರ್?"

ನ್ಯಾಯಾಧೀಶರು ತೆರೆದಿದ್ದ ಒಂದು ಕಣ್ಣಿನಿಂದ ಗೋಡೆಯ ಅಕ್ಷರಗಳನ್ನು ಬಹಳ ಹೊತ್ತು ನೋಡಿದರು.

"ಮಂಜಾಗಿದೆ," ಎಂದರು.

ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಕೌಂಟರಿನ ಹುಡುಗಿಯ ಹತ್ತಿರ ಮಾತು ತೆಗೆದ. ಅವಳೂ ಒಂದು ಕಾಲಕ್ಕೆ ಇದೇ ಆಟಕ್ಕೆ ಬಿದ್ದವಳು.

"ಆ ಚಿನ್ನದ ಗೊಂಬೆ ತಗೊಂಡಿದ್ಯೇನಮ್ಮ?"

"ತಗೊಳ್ದೆ! ಸಖತ್ತಾಗಿದೆ ಸಾರ್. ತಂದು ನಿಲ್ಲಿಸಿದ್ರೆ ಮುಗೀತು, ಏನೂ ಮಾಡೋದೇ ಬೇಡ."

"ಆಮೇಲೆ?"

"ಆಮೇಲೆ ಡಿಲೀಟ್ ಮಾಡಿದೆ."

"ಗೊಂಬೆನಾ?"

"ಆಟಾನ ಸಾರ್. ಏನೂ ಮಾಡೋದೇ ಇರ್ಲಿಲ್ವಲ್ಲ."

ಅವಳು ಕನ್ನಡಕದ ಗಾಜು ಒರೆಸುತ್ತ ನಕ್ಕಳು. ಟೀವಿ ಆರಿದ ಹಾಲ್ ಅವನ ಕಣ್ಣಿಗೆ ಕಟ್ಟಿತು. ಸೋಫಾದ ಆ ತುದಿಗೆ ಹೆಂಡತಿ, ಈ ತುದಿಗೆ ತಾನು. ಊಟ ಆಯ್ತಾ ಎಂದು ಕೇಳುವಂತಿಲ್ಲ, ಜೊತೆಯಲ್ಲೇ ಉಂಡಿರುತ್ತಾರೆ. ಹೊರಗೆ ಸೆಖೆ ಅಲ್ಲವೇ ಎಂದು ಒಂದು ಸಲ ಹೇಳಬಹುದು. ಆಮೇಲೆ? ಅವನಿಗೆ ನಿಜಕ್ಕೂ ಭಯವಾಯಿತು. ಇಲ್ಲ, ಏನಾದರಾಗಲಿ, ಗೊಂಬೆ ಬೇಡ ಎಂದು ಗಟ್ಟಿ ಮಾಡಿಕೊಂಡ.

ಮನೆಗೆ ಬರುವ ದಾರಿಯುದ್ದಕ್ಕೂ ವಾದ ಹೂಡಿದ. ಬಸ್ಸಿನಲ್ಲಿ ಪಕ್ಕದವರು ಒಂದೆರಡು ಸಲ ತಿರುಗಿ ನೋಡಿದರು. ಬಾಗಿಲು ತೆಗೆದಾಗ ಹೆಂಡತಿ ಆಗಲೇ ಕೂದಲು ಮೇಲೆತ್ತಿ ಕಟ್ಟಿ, ಕಂಟ್ರೋಲರ್ ಹಿಡಿದು ತಯಾರಾಗಿ ಕೂತಿದ್ದಳು.

"ಏನ್ ತೀರ್ಮಾನ ಮಾಡಿದ್ರಿ?"

"ಅಲ್ಲಾ, ಚಿನ್ನದ್ದು ಅಂದ್ರೆ ಕಳ್ಳರ ಕಾಟ..."

"ನಮ್ಮ ಆಟದಲ್ಲಿ ಕಳ್ಳರೆಲ್ಲಿದಾರೆ?"

"ಮಳೆ ಬಿಸಿಲಿಗೆ ಮಾಸತ್ತೆ."

"ಚಿನ್ನ ಮಾಸತ್ತಾ?" ಅವಳು ಅವನ ಕಡೆ ಪೂರ್ತಿ ತಿರುಗಿದಳು. ಹಾಗೆ ತಿರುಗಿ ಎಷ್ಟು ದಿನವಾಗಿತ್ತೋ. "ನಿಮಗೋಸ್ಕರಾನೇ ರೀ ತಗೊಳ್ಳೋಣ ಅಂದಿದ್ದು. ಇಡೀ ದಿನ ಆ ಕತ್ತಲೆಲಿ ನಿಂತು ಸುಸ್ತಾಗಿ ಬರ್ತೀರಿ. ಇಲ್ಲಿ ನೋಡಿದ್ರೆ ನಾನು ಕಾಗೆ, ಕಾಗೆ ಅಂತ ಪ್ರಾಣ ತಿಂತೀನಿ. ನನಗೇ ಅಯ್ಯೋ ಅನ್ಸತ್ತೆ."

"ನೀನು ಹಾಗೆ ಕೂಗೋದು ನನಗೆ..."

"ನನಗೆ?"

ಅವಳು ಕಾಯುತ್ತಿದ್ದಳು. ಅವನು ಚಪ್ಪಲಿ ಬಿಟ್ಟು ಬಂದು ಸೋಫಾದ ತನ್ನ ತುದಿಗೆ ಕೂತ.

"ಏನಿಲ್ಲ. ತಗೋ," ಎಂದ.

ಟೀವಿಯಲ್ಲಿ ಕಹಳೆ ಮೊಳಗಿತು. ಹೊಲದ ನಡುವೆ ಮಣ್ಣು ಬಿರಿದು ಚಿನ್ನದ ಗೊಂಬೆ ಎದ್ದಿತು. ಕಾಗೆ ಓಡಿಸುವ ಕೆಲಸ ಯಾರದೋ ಅವರ ರೂಪದಲ್ಲೇ ಅದನ್ನು ಮಾಡಿಕೊಡುವುದು ಆಟದ ಅಂಗಡಿಯವನ ವೈಖರಿಯಂತೆ. ಅವನ ಕನ್ನಡಕ, ಅವನ ಅರ್ಧ ಬೋಳು, ತುಸು ಮುಂದೆ ಬಂದ ಅವನ ಹೊಟ್ಟೆ, ಎಲ್ಲವೂ ಅಪ್ಪಟ ಚಿನ್ನದಲ್ಲಿ ಫಳಫಳ ಹೊಳೆದವು.

"ಅಯ್ಯಯ್ಯೋ, ಥೇಟ್ ನೀವೇ ರೀ!" ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಅವನೂ ನಕ್ಕ. ಸುಮ್ಮನೆ ಹೆದರಿದ್ದೆ, ಕೋಟಿಗೆ ಮೋಸವಿಲ್ಲ ಅನ್ನಿಸಿತು.

ಆಮೇಲೆ ತನ್ನ ಪುಟ್ಟ ಮನುಷ್ಯನ ಹೆಗಲಿಗೆ ಗುದ್ದಲಿ ಏರಿಸಿ ಹೊಲ ಸುತ್ತಿಸಿದ. ಒಂದೆಳೆ ಕಳೆ ಇರಲಿಲ್ಲ. ಬೇಲಿ ಹೊಸದರಂತೆ ನಿಂತಿತ್ತು. ಅಭ್ಯಾಸಬಲದಿಂದ ಒಂದೆರಡು ಕಡೆ ಅಗೆದ. ಗುದ್ದಲಿ ಕಲ್ಲಿಗೆ ತಗುಲಿ ಟಣ್ ಎಂದಿತು. ಕೊನೆಗೆ ಹೋಗಿ ಗೊಂಬೆಯ ಪಕ್ಕದಲ್ಲಿ ನಿಂತ.

"ಅಯ್ಯೋ, ಮರೆತೇಬಿಟ್ಟಿದ್ದೆ," ಎಂದಳು ಅವಳು.

ಆ ಆಟದಲ್ಲಿ ಗಂಡ ಹೆಂಡತಿ ದಿನಕ್ಕೊಂದು ಸಲ ಒಬ್ಬರಿಗೊಬ್ಬರು ಏನಾದರೂ ಕೊಡಬೇಕು. ಕೊಟ್ಟರೆ ತಲೆಯ ಮೇಲೆ ಕೆಂಪು ಹೃದಯ ಮೂಡುತ್ತದೆ. ಅವಳು ಟೊಮೇಟೊ ಕೊಡುತ್ತಿದ್ದಳು. ಅವಳ ಪುಟ್ಟ ಹೆಂಗಸು ಟೊಮೇಟೊ ಹಿಡಿದುಕೊಂಡು ಅಮೃತಶಿಲೆಯ ಮೆಟ್ಟಿಲಿಳಿದು, ತರಕಾರಿ ಸಾಲುಗಳ ನಡುವೆ ಗುಡುಗುಡು ಓಡಿಬಂದು, ಚಿನ್ನದ ಗೊಂಬೆಯ ಮುಂದೆ ನಿಂತು ಕೈ ಚಾಚಿದಳು.

ಟಿಂಗ್. ಗೊಂಬೆಯ ತಲೆಯ ಮೇಲೆ ಹೃದಯ ಮೂಡಿತು. ಎಂದಿಗಿಂತ ದೊಡ್ಡದೇ ಇತ್ತು.

"ಖುಷಿ ಆಯ್ತಾ?" ಎಂದಳು, ಟೀವಿ ನೋಡುತ್ತಲೇ.

"ಹೂಂ."

ಗುಂಡಿ ಒತ್ತದೆ ಬಹಳ ಹೊತ್ತಾದರೆ ಆಟದ ಮನುಷ್ಯರು ತಾವಾಗಿಯೇ ಮೈಮುರಿಯುತ್ತಾರೆ. ಪಕ್ಕದಲ್ಲಿದ್ದ ಅವನ ಮನುಷ್ಯ ಗುದ್ದಲಿ ಕೆಳಗಿಟ್ಟು, ಎರಡೂ ತೋಳನ್ನು ಅಗಲಕ್ಕೆ ಚಾಚಿ, ಹಾಗೇ ನಿಂತುಕೊಂಡ. ಹೊಲದ ಮೇಲಿನ ಆಕಾಶ ತಿಳಿಯಾಗಿತ್ತು. ಅದರಲ್ಲಿ ಒಂದೇ ಒಂದು ಕಾಗೆಯೂ ಇರಲಿಲ್ಲ.