ಬೊಟ್ಟಿಲ್ಲದ ತೋಟಾಗಳು

ಸಂಜೆ ಐದು ಗಂಟೆ ಹತ್ತು ನಿಮಿಷ. ಬಿಸ್ಕತ್ತಿನ ಡಬ್ಬದಲ್ಲಿ ಬಂದೂಕಿನ ತೋಟಾಗಳು ಹನ್ನೊಂದಿವೆ, ಒಂದರ ಮೇಲೂ ಕುಂಕುಮದ ಬೊಟ್ಟಿಲ್ಲ. ನಾಲ್ಕರ ಮೇಲೆ ಇರಬೇಕಿತ್ತು. ಕಿಟಕಿಗೆ ಹಿಡಿದು ಒಂದೊಂದನ್ನೇ ತಿರುಗಿಸುತ್ತೇನೆ, ಹಿತ್ತಾಳೆಯ ತಳ ಹೊಸ ಲೋಟದ ಹಾಗೆ ಹೊಳೆಯುತ್ತಿದೆ, ಇಷ್ಟು ಹೊಳಪು ನನ್ನ ಕೈಯದಲ್ಲ — ಮಂಗಳಾ, ಈ ಡಬ್ಬ ಮುಟ್ಟಿದ್ಯಾ, ಅಡುಗೆಮನೆಯಿಂದ ಹೆಂಡತಿಯ ದನಿ, ಹೂಂ ಕಣ್ರೀ, ಆಯ್ದ ಪೂಜೆಗೆ ಗಾಡಿ ತೊಳ್ದೆ, ಕುಡ್ಲು ಮಚ್ಚು ತೊಳ್ದೆ, ಇವುನ್ನ ಮಾತ್ರ ಕೊಳಕಾಗೇ ಮಡುಗ್ಲಾ, ನೀರು ಸೋಕಿಸ್ನಿಲ್ಲ ಬುಡಿ, ಈಬೂತಿ ಹಾಕಿ ಒಣಬಟ್ಟೇಲಿ ಉಜ್ದೆ, ಯಾವನೋ ಮೊದ್ಲೇ ಕುಂಕುಮ ಬಳ್ದಿದ್ದ, ಪೂಜೆಗೂ ಮುಂಚೆ ಯಾರಾದ್ರೂ ಕುಂಕುಮ ಇಕ್ತಾರಾ. ಯಾವನೋ ಅಂದರೆ ನಾನು. ಬೊಟ್ಟಿಟ್ಟ ನಾಲ್ಕಕ್ಕೆ ಡಬ್ಬಲ್ ಮದ್ದು ತುಂಬಿದ್ದೆ, ಉಳಿದ ಹತ್ತಕ್ಕೆ ಸಾಧಾರಣ. ಒಟ್ಟು ಹದಿನಾಲ್ಕು. ಮಧ್ಯಾಹ್ನ ಗೆಳೆಯ ಉದಯಶಂಕರ್ ಬಂದು ಮೂರು ಒಯ್ದಿದ್ದಾನೆ, ಒಯ್ದಿದ್ದಾನೆ ಅನ್ನುವುದೂ ಸರಿಯಲ್ಲ, ಎತ್ತಿಕೊಟ್ಟವನು ನಾನು, ಬೊಟ್ಟಿಲ್ಲವೆಂದು ತಳ ನೋಡಿಯೇ ಕೊಟ್ಟೆ.

ಉದಯನ ಫೋನ್ ಸ್ವಿಚ್ ಆಫ್. ಆಫ್ ಇರಲೇಬೇಕು, ರಾಗಿ ಹೊಲದ ಅಟ್ಟಣೆ ಹತ್ತುವ ಮುಂಚೆ ಆಫ್ ಮಾಡುತ್ತಾನೆ, ಫೋನು ಬಡಿದರೆ ಹಂದಿ ಹೊಲಕ್ಕಿಳಿಯುವುದಿಲ್ಲ. ಈ ಹನ್ನೊಂದನ್ನೂ ಈಗಲೇ ಕೊಯ್ದು ನೋಡಬಹುದು, ನಾಲ್ಕು ಡಬ್ಬಲ್ಲೂ ಇಲ್ಲೇ ಸಿಕ್ಕರೆ ಯೋಚನೆಯೇ ಇಲ್ಲ, ಆದರೆ ಒಂದಕ್ಕೆ ಮೂರು ನಿಮಿಷ ಅಂದರೂ ಅರ್ಧ ಗಂಟೆ ಮೇಲಾಗುತ್ತದೆ, ಹಂದಿ ಇಳಿಯುವುದು ಹೊತ್ತು ಮುಳುಗುವಾಗ, ಅಂದರೆ ಆರಕ್ಕೆ, ಒಮ್ಮೊಮ್ಮೆ ಅದಕ್ಕೂ ಮುಂಚೆ. ನಮ್ಮ ತಿಪ್ಪಸಂದ್ರದಿಂದ ಅವನ ಹೊಲ ಏಳು ಕಿಲೋಮೀಟರ್. ಬೈಕಿನ ಕಿಕ್ಕರ್ ಮೂರನೇ ಸಲಕ್ಕೆ ಹಿಡಿಯಿತು, ಮಂಗಳಾ ಬಾಗಿಲಿಗೆ ಬಂದಳು, ಕಾಪಿ ಇಟ್ಟಿವ್ನಿ ಎಲ್ಗೋಯ್ತೀರಿ, ಗೇರ್ ಹಾಕಿದೆ. ಬಯ್ಯಲಿಲ್ಲ. ಏನೆಂದು ಬಯ್ಯಲಿ, ಆಯುಧ ಪೂಜೆಯ ದಿನ ಮನೆಯ ಕಬ್ಬಿಣ ಹಿತ್ತಾಳೆ ಎಲ್ಲ ಉಜ್ಜುವುದು ಅವಳ ತಾಯಿಯ ಮನೆಯಿಂದ ಬಂದದ್ದು, ಇಪ್ಪತ್ತೆರಡು ವರ್ಷದಿಂದ ಉಜ್ಜುತ್ತಿದ್ದಾಳೆ, ಕುಂಕುಮವನ್ನು ಗುರುತಿಗೆ ಬಳಸಿದವನು ನಾನು. ಚನ್ನಪಟ್ಟಣದ ಮೆಹಬೂಬ್ ಅಂದೇ ಹೇಳಿದ್ದ, ಗೊಂಬೆ ಕಡೆಯುವ ಮೆಹಬೂಬ್, ಮದ್ದು ಒತ್ತುವ ಮರದ ಕಡ್ಡಿಯನ್ನು ಹಾಲೆಮರದಲ್ಲಿ ಕಡೆದುಕೊಟ್ಟವನು, ಅರಗಿನ ಬಣ್ಣ ಹಚ್ಚಿ ಸ್ವಾಮೇರೆ, ಮೊಮ್ಮಕ್ಕಳ ಕಾಲಕ್ಕೂ ಅಳ್ಸಲ್ಲ, ಆಮೇಲೆ ನಕ್ಕ, ಈರುಳ್ಳಿ ತಿನ್ನಕ್ಕೂ ವಾರ ನೋಡೋರು, ಮದ್ದು ಮಾತ್ರ ಡಬ್ಬಲ್ಲಾ. ಅರಗು ಹತ್ತಬೇಕಾದರೆ ಬಿಸಿ ಬೇಕು, ಮದ್ದಿನ ಪಕ್ಕ ಬಿಸಿ ಬೇಡವೆಂದು ದೇವರ ಗೂಡಿನ ಕುಂಕುಮಕ್ಕೆ ಹರಳೆಣ್ಣೆ ಕಲಸಿದೆ, ಎಷ್ಟು ಜೋಪಾನ, ಆ ಜೋಪಾನವೇ —

ಐದೂ ಇಪ್ಪತ್ತೊಂದು. ನನ್ನ ಬಂದೂಕು ಡಬ್ಬಲ್ ಮದ್ದನ್ನು ತಡೆಯುತ್ತದೆ, ಅಪ್ಪ ತಂದದ್ದು, ನಳಿಗೆ ದಪ್ಪ. ಉದಯನದು ಅವನ ತಾತನ ಕಾಲದ್ದು, ತುಕ್ಕು ಉಜ್ಜಿ ಉಜ್ಜಿ ನಳಿಗೆ ಸವೆದಿದೆ, ಹಿಡಿಯ ಮುಂದೆ ಒಂದು ಕಡೆ ಚಪ್ಪಟೆಯಾಗಿದೆ, ಸರಿಯಾಗಿ ಅದರ ಕೆಳಗೇ ಅವನ ಎಡಗೈ ಇರುತ್ತದೆ. ಆ ಎಡಗೈ. ಹೋದ ವರ್ಷ ನನ್ನ ಹೊಲಕ್ಕೆ ಬಂದ ಒಂಟಿ ಹಂದಿ ಸಾಧಾರಣ ಸದ್ದಿಗೆ ತಲೆಯನ್ನೂ ಎತ್ತಲಿಲ್ಲ, ಅದಕ್ಕೇ ಡಬ್ಬಲ್. ಕಂಪನಿಯ ತೋಟಾ ವರ್ಷಕ್ಕೆ ಇಷ್ಟೇ ಎಂದು ಲೈಸೆನ್ಸ್ ಪುಸ್ತಕದಲ್ಲಿ ಬರೆದು ಕೊಡುತ್ತಾರೆ, ಅದು ಮುಗಿದ ಮೇಲೆ ಖಾಲಿ ತೋಟಾಕ್ಕೆ ಮನೆಯಲ್ಲೇ ತುಂಬುವುದು ಕಾನೂನಿನ ಪ್ರಕಾರ ತಪ್ಪು, ಗೊತ್ತು, ತುಂಬಿದ್ದನ್ನು ಇನ್ನೊಬ್ಬನಿಗೆ ಕೊಡುವುದು ಅದಕ್ಕಿಂತ ತಪ್ಪು, ಅದೂ ಗೊತ್ತು. ಮಧ್ಯಾಹ್ನ ಉದಯ ಕೇಳಿದ್ದ, ಲೇ ರುದ್ರ, ಇವು ಕಂಪನೀವು ತಾನೇ, ನನ್ನ ಮುದುಕಿ ಬಂದೂಕು ಎಂಥೆಂಥದೋ ತಡ್ಯಾಕಿಲ್ಲ ಕಣ್ಲಾ. ಹೂಂ ಕಣ್ಲಾ, ಕಂಪನೀವೇ, ಅಂದೆ. ಯಾಕಂದೆ. ನಾಲ್ಕು ಜನರ ಮುಂದೆ ಅವನ ಬಾಯಿಂದ ಹೊರಬೀಳಬಾರದೆಂದು, ಇಲ್ಲ, ಅಷ್ಟೇ ಅಲ್ಲ, ಮನೆಯಲ್ಲಿ ತುಂಬಿದ್ದು ಅಂದರೆ ಅವನು ಮುಟ್ಟುತ್ತಿರಲಿಲ್ಲ, ಬರಿಗೈಲಿ ಕಳಿಸಿದ ಹಾಗಾಗುತ್ತಿತ್ತು.

ಹಾಲಿನ ಡೈರಿಯ ಮುಂದೆ ಟೆಂಪೊ ಅಡ್ಡ ನಿಂತಿದೆ, ಕ್ಯಾನು ಇಳಿಸುತ್ತಿದ್ದಾರೆ, ತಗಿಯಪ್ಪಾ ಗಾಡಿ, ಇರಣ್ಣೋ, ನಿಮ್ಗೇನು ಹೆರಿಗೆ ನೋವಾ, ಒಸಿ ತಡೀರಿ. ಕಾಲೂರಿ ನಿಂತೆ. ಚೈತ್ರಾಗೆ ಫೋನ್ ಮಾಡಬಹುದು. ಉದಯನ ಹೆಂಡತಿ, ಹೊಲದ ಅಂಚಿನಲ್ಲೇ ಅವರ ಮನೆ, ಇದು ಹೊರಡುವಾಗಲೇ ಗೊತ್ತಿತ್ತು, ಹದಿನೈದು ನಿಮಿಷದಿಂದ ಗೊತ್ತಿದೆ, ಯಾಕೆ ಅಂತ ಕೇಳುತ್ತಾಳೆ ಎಂದು ಮಾಡಿಲ್ಲ, ಇಷ್ಟನ್ನು ಒಪ್ಪಿಕೊಳ್ಳಬೇಕು. ಮಾಡಿದೆ. ಚೈತ್ರಾ, ಉದಯನ್ನ ಅಟ್ಟಣೆಯಿಂದ ಇಳಿಸು, ಅರ್ಜೆಂಟ್ ಮಾತಾಡಬೇಕು. ಅಯ್ಯೋ ಅಣ್ಣ, ಹಂದಿ ಬರೋ ಹೊತ್ನಾಗೆ ಕೂಗುದ್ರೆ ನನ್ಗೇ ಗುಂಡಾಕ್ತಾರೆ, ಬಂದ್ಮೇಲೆ ಹೇಳ್ತೀನಿ ಬುಡಿ, ನಗು, ಕಟ್. ಟೆಂಪೊ ಹೊರಟಿತು. ಹೇಳದೆ ಇದ್ದದ್ದಕ್ಕೆ ಅವಳು ನಕ್ಕಳು, ಹೇಳಿದ್ದರೆ ನಗುತ್ತಿರಲಿಲ್ಲ, ಇನ್ನೂ ನಾಲ್ಕು ಕಿಲೋಮೀಟರ್, ಎಡಗೈ, ಹೆಬ್ಬೆರಳು ಮೇಲೆ ನಾಲ್ಕು ಬೆರಳು ಕೆಳಗೆ, ಆ ಕೈಯಿಂದಲೇ ಮಧ್ಯಾಹ್ನ ಮೂರು ತೋಟಾ ಜೇಬಿಗೆ ಹಾಕಿಕೊಂಡ, ಒಂದಾದರೂ ಈಗ ನಳಿಗೆಯಲ್ಲಿದೆ.

ಬೈಕನ್ನು ಹುಣಸೆಮರದ ಕೆಳಗೆ ನಿಲ್ಲಿಸಿದೆ, ಓಡಿಸುತ್ತಾ ಹೇಳುವ ಮಾತಲ್ಲ. ಐದೂ ಮೂವತ್ತೆಂಟು. ಚೈತ್ರಾ, ಸರಿಯಾಗಿ ಕೇಳು, ಆ ತೋಟಾ ಕಂಪನಿಯವಲ್ಲ, ನಾನು ಮನೆಯಲ್ಲಿ ತುಂಬಿದ್ದು, ಕೆಲವಕ್ಕೆ ಎರಡರಷ್ಟು ಮದ್ದು ಹಾಕಿದ್ದೀನಿ, ಯಾವುದು ಅಂತ ನನಗೇ ಗೊತ್ತಿಲ್ಲ, ಅವನು ಹೊಡೆದರೆ ನಳಿಗೆ ಸಿಡಿಯಬಹುದು. ಅವಳ ಕಾಲಿನ ಸದ್ದು, ಫೋನ್ ಕೈಯಲ್ಲೇ ಇದೆ, ರಾಗಿ ತೆನೆಗಳು ಸರ್ ಸರ್ ಎಂದು ಬಡಿಯುತ್ತಿವೆ, ಏದುಸಿರು, ರೀ, ಬ್ಯಾಡ ರೀ, ಇಳ್ಸಿ ಅದುನ್ನ, ದೂರದಿಂದ ಉದಯ, ಬಾಯ್ಮುಚ್ಚೇ, ಅಲ್ಲೇ ಐತೆ, ಬದೀಗ್ ಬಂದೈತೆ, ಮತ್ತೆ ಅವಳು, ಈಗ ಕಿರುಚುತ್ತಿದ್ದಾಳೆ, ಸಿಡಿದೋಯ್ತದೆ ಕಣ್ರೀ, ಕೈ ತಗೀರಿ, ರುದ್ರಣ್ಣ ಮನೇಲಿ ತುಂಬಿರೋದಂತೆ. ಸಂಜೆಯ ಹಕ್ಕಿಗಳು, ನನ್ನ ಕಡೆಯವೋ ಅವರ ಕಡೆಯವೋ. ಆಮೇಲೆ ಕಟಕ್ ಎಂದು ಒಂದು ಸದ್ದು, ಹೊಡೆದದ್ದಲ್ಲ, ನಳಿಗೆ ಮಡಿಚಿ ತೆರೆದದ್ದು, ಆ ಸದ್ದು ನನಗೆ ಗೊತ್ತು, ಈಗ ಎಡಗೈ ನಳಿಗೆಯ ಕೆಳಗಿದೆ, ಬಲಗೈ ತೋಟಾ ಎಳೆಯುತ್ತಿದೆ, ಎಡಗೈ ಇದೆ, ಐದು ಬೆರಳೂ ಇವೆ, ಎಡಗೈ —

ಕೊಯ್ದು ನೋಡಿದರೆ ಮೂರರಲ್ಲಿ ಎರಡಕ್ಕೆ ಡಬ್ಬಲ್ ಮದ್ದಿತ್ತು. ಮರುದಿನ ಬೆಳಿಗ್ಗೆ ಹತ್ತೂಕಾಲಿಗೆ ಪೊಲೀಸ್ ಜೀಪು ನಮ್ಮ ಮನೆ ಮುಂದೆ ನಿಂತಿತು. ದೂರು ಬರೆದುಕೊಟ್ಟಿದ್ದವಳು ಚೈತ್ರಾ.