ಮೂರ್ಛೆ ಹೋದ ಮೇಡಂ

ನಶೆಯ ಸೂಜಿ ಚುಚ್ಚಿಕೊಳ್ಳುವವರಿಗೆ ಹೊಸ ಸೂಜಿ ಕೊಡುವ ಆ ಕೇಂದ್ರಕ್ಕೆ ಸಂಶೋಧಕಿ ಇನ್ನೂ ಹೊಸಬಳು. ಹೋದ ತಿಂಗಳು ಒಬ್ಬ ಬೀದಿ ತಿರುವಿನಲ್ಲೇ, ನಶೆ ಮಿತಿಮೀರಿ, ಗೆಳೆಯರ ಕಣ್ಣೆದುರೇ ಸತ್ತುಹೋಗಿದ್ದ. ಅಂಥವರ ಉಸಿರು ಮರಳಿಸುವ ಮೂಗಿನ ಸ್ಪ್ರೇಯನ್ನು ಕೇಂದ್ರಕ್ಕೆ ಬರುವವರ ಕೈಗೇ ಕೊಟ್ಟುಬಿಡಬೇಕು ಅನ್ನುವುದು ಅವಳ ಹಟ. "ಮೊದಲು ಕಲಿಸಿ ತೋರಿಸಮ್ಮ, ಆಮೇಲೆ ಕೊಡೋಣ," ಎಂದಿದ್ದ ಅವಳ ಸಂಶೋಧನೆಯ ಗೈಡು ಇವತ್ತು ನೋಡಲು ಬರುವವರಿದ್ದರು.

ಕಲಿಯುವವರೆಲ್ಲಿ? ಅವಳು ಬಾಯಿ ತೆರೆದರೆ ಸಾಕು, ಉಳಿದವರೆಲ್ಲ ಆಕಳಿಸಲು ಬಾಯಿ ತೆರೆಯುತ್ತಿದ್ದರು.

"ಯಾರಾದರೂ ಮೂರ್ಛೆ ಹೋದವರಂತೆ ಮಲಗುವಿರಾ?"

"ನಾವು ಬಿದ್ದಿದ್ದು ಸಾಕಾಗಿದೆ ಮೇಡಂ, ಇವತ್ತು ನೀವು ಬೀಳಿ," ಎಂದಳು ಕಿಟಕಿ ಪಕ್ಕದ ಅಕ್ಕ.

ರೋಷಕ್ಕೆ ಮೇಡಂ ಚಾಪೆಯ ಮೇಲೆ ಉದ್ದುದ್ದ ಬಿದ್ದುಕೊಂಡಳು. ಬಿದ್ದ ಮೇಲೆ ಹೊಳೆಯಿತು: ಪ್ರಜ್ಞೆ ತಪ್ಪಿದವಳು ಪಾಠ ಮಾಡುವುದು ಹೇಗೆ?

ಆಗ ಎದ್ದ, ಎಲ್ಲರೂ ಟೇಪು ಎಂದು ಕರೆಯುವವನು. ಯಾರ ದನಿಯನ್ನಾದರೂ ಕದ್ದು ಗಂಟಲಲ್ಲಿ ಇಟ್ಟುಕೊಳ್ಳುವ ಆಸಾಮಿ. ಇಲ್ಲದ ಕನ್ನಡಕವನ್ನು ಮೂಗಿಗೇರಿಸಿ, ಥೇಟ್ ಅವಳ ದನಿಯಲ್ಲೇ ಶುರುಮಾಡಿದ:

"ಆತ್ಮೀಯರೇ! ಪ್ರಪ್ರಥಮವಾಗಿ ಭುಜವನ್ನು ಅಲುಗಾಡಿಸತಕ್ಕದ್ದು! ತದನಂತರ ಆಂಬುಲೆನ್ಸಿಗೆ ಕರೆ! ತದನಂತರ ಹೊಳ್ಳೆಗೆ ಸ್ಪ್ರೇ! ತದನಂತರ ಮಗ್ಗುಲಿಗೆ ಹೊರಳಿಸತಕ್ಕದ್ದು!"

ನಗು ಕೇಳಿ ಹೊರಗೆ ನಿಂತವರೂ ಒಳನುಗ್ಗಿದರು. ಅವಳ ಕಿವಿ ಬಿಸಿಯಾಯಿತು. ಎದ್ದು ಗದರಿಬಿಡೋಣ ಎನಿಸಿತು. ಆದರೆ ಕಣ್ಣು ಮುಚ್ಚಿಕೊಂಡೇ ಆಲಿಸಿದಳು. ಕಳ್ಳ, ಒಂದನ್ನೂ ಬಿಟ್ಟಿಲ್ಲ! ಮೂರ್ಛೆಯನ್ನು ಇನ್ನಷ್ಟು ಗಟ್ಟಿಮಾಡಿಕೊಂಡು ಮಲಗಿದಳು. "ಈಗ ನಂದು, ಸರಿಯೋ" ಎಂದು ಒಬ್ಬರನ್ನೊಬ್ಬರು ತಳ್ಳುತ್ತ, ಕಲಿಕೆಗೆಂದೇ ಇಟ್ಟ ಖಾಲಿ ಸ್ಪ್ರೇ ಹಿಡಿದು ಎಲ್ಲರೂ ಅವಳನ್ನು ಬದುಕಿಸತೊಡಗಿದರು.

ಅಷ್ಟರಲ್ಲಿ ಗೈಡು ಬಂದರು. ನೆಲದ ಮೇಲಿನ ಶಿಷ್ಯೆಯನ್ನು ಕಂಡು ಹೌಹಾರಿ, "ಅಯ್ಯಯ್ಯೋ, ಇವಳಿಗೇನಾಯ್ತು? ನೀರು, ನೀರು ಹಾಕಿ!" ಎಂದು ಕೂಗಿದರು.

"ನೀರು ಹಾಕಕೂಡದು ಮಹನೀಯರೇ!" ಎಂದಳು ಅಕ್ಕ, ಮೇಡಂ ದನಿಯಲ್ಲಿ. "ಗಾಳಿಗೆ ಅನುವು ಮಾಡಿಕೊಡಬೇಕಾಗಿ ವಿನಂತಿ!" ಭುಜ ಅಲುಗಾಡಿಸಿದಳು, ಟೇಪುವಿನಿಂದ ಆಂಬುಲೆನ್ಸಿಗೆ ಸುಳ್ಳು ಫೋನು ಮಾಡಿಸಿದಳು, ಸ್ಪ್ರೇ ಒತ್ತಿದಳು, ಮೇಡಂ ಅನ್ನು ಮೆಲ್ಲಗೆ ಮಗ್ಗುಲಿಗೆ ಹೊರಳಿಸಿದಳು. ಒಂದೂ ತಪ್ಪಿಲ್ಲ.

ಮಗ್ಗುಲಾದ ಮೇಡಂ ನಗು ತಡೆಯಲಾಗದೆ ಎದ್ದು ಕೂತಳು. ಗೈಡು ಎದೆ ನೀವಿಕೊಂಡರು.

"ಈ ವಾರವೇ ಸ್ಪ್ರೇ ತರಿಸೋಣಮ್ಮ, ಎಲ್ಲರಿಗೂ ಕೊಡೋಣ. ಅಲ್ಲಾ, ಇವರೆಲ್ಲ ಯಾಕೆ ನಿನ್ನ ಥರಾನೇ ಮಾತಾಡ್ತಾರೆ?"

"ಗೊತ್ತಿಲ್ಲ ಸರ್," ಎಂದಳು ಕೂದಲು ಕೊಡವಿಕೊಳ್ಳುತ್ತ. "ಕಲಿಸುವಾಗ ನಂಗೆ ಪ್ರಜ್ಞೆ ಇರಲಿಲ್ಲ."