ಪರೀಕ್ಷೆಯ ರಸ

ಬೆಟಗೇರಿಯ ನೇಕಾರ ಅಂದಪ್ಪ ಬೀಡಿ ಬಿಟ್ಟು ಎರಡು ವರ್ಷವಾಗಿತ್ತು. ಜೊತೆಗೆ ಕೂತು ಸೇದುತ್ತಿದ್ದ ತಮ್ಮ ವೀರು ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡ ಮೇಲೆ ಬಿಟ್ಟದ್ದು. ಬೀಡಿ ಬಿಟ್ಟವರಲ್ಲಿ ಆ ರೋಗದ ಅಪಾಯವನ್ನು ನೇರಳೆ, ಕವಳಿ ಹಣ್ಣಿನ ರಸ ತಗ್ಗಿಸಬಲ್ಲದೇ ಎಂದು ಪರೀಕ್ಷಿಸುತ್ತಿದ್ದ ಸಂಶೋಧಕಿ ಕಾಂಚನಾ ಮನೆಗೆ ಬಂದು ಕೇಳಿದಾಗ ಅವನು ಪರೀಕ್ಷೆಗೆ ಸೇರಲು ಒಪ್ಪಿದ. ದಿನಾ ಬೆಳಿಗ್ಗೆ ಒಂದು ಬಾಟಲಿ ಪೂರ್ತಿ ಕುಡಿಯಬೇಕು; ಅರ್ಧ ಜನಕ್ಕೆ ನಿಜವಾದ ರಸ, ಉಳಿದವರಿಗೆ ಅದೇ ಬಣ್ಣ, ಅದೇ ಹುಳಿಯ ನೀರು. ಯಾರಿಗೆ ಯಾವುದೆಂದು ಅವಳಿಗೂ ಗೊತ್ತಿರಲಿಲ್ಲ.

“ನನ್ನ ಎದಿಯೊಳಗಿಂದ ನಾಕ ಮಂದಿಗೆ ಏನರೆ ತಿಳಿಯೂದೈತಿ,” ಎಂದು ಅಂದಪ್ಪ ಓಣಿಯೆಲ್ಲ ಹೇಳಿಕೊಂಡು ಬಂದ. ತಮ್ಮನಿಗೆ ಏನೂ ಮಾಡಲಾಗದ ಕೈಗೆ ಈಗೊಂದು ಕೆಲಸ ಸಿಕ್ಕಿತ್ತು.

ತಿಂಗಳ ನಂತರ ಕಾಂಚನಾ ಬಂದಾಗ ಕಟ್ಟೆಯ ಮೇಲೆ ಅಂದಪ್ಪನ ಗೆಳೆಯ ಮಕ್ತುಮಸಾಬ ಕೂತಿದ್ದ. ನಕ್ಕ. ನಾಲಿಗೆ ನೀಲಿ.

“ಏನ್ ತಿಂದ್ರಿ ಚಾಚಾ?”

“ಅಂದಪ್ಪನ ಔಷಧರೀ ಅಕ್ಕಾರ. ಭಾಳ ಹುಳಿ. ಒಂಚೂರು ಬೆಲ್ಲಾ ಹಾಕಸ್ರೆಲಾ.”

ಒಳಗೆ ಮಗ್ಗ ನಿಂತಿತು. ಅಂದಪ್ಪನ ಹೆಂಡತಿ ಸಿದ್ದಲಿಂಗವ್ವನೇ ಬಾಯಿಬಿಟ್ಟಳು: “ಬಂದವರ್ನ ಎದುರಿಗೆ ಕುಂಡ್ರಿಸಿಕೊಂಡು ತಾವೊಬ್ರ ಹೆಂಗ ಕುಡೀತಾರವಾ? ಗಂಟಲದಾಗ ಇಳೀತೈತೇನು? ನಾನ ಅರ್ಧಾ ಹಾಕಿ ಕೊಡ್ತಿದ್ನಿ.”

“ನನ್ನ ಹೆಸರು ತಗದ ಹಾಕ್ತೀ ಏನವಾ?” ಅಂದಪ್ಪನ ದನಿ ಇಳಿದಿತ್ತು.

“ಇಲ್ಲ ಕಾಕಾ. ತಪ್ಪಿದವರ್ನ ತಗದ್ರ ಪರೀಕ್ಷಾನ ಸುಳ್ಳಾಕ್ಕೈತಿ. ಅರ್ಧಾ ಕುಡದ್ರು ಅಂತ ಖರೇನ ಬರೀತೀನಿ. ಆದ್ರ ನೀವು ಹಂಚಕೋತ ಹೋದ್ರ, ನಾಳೆ ಉಪಯೋಗ ಕಾಣಲಿಲ್ಲಂದ್ರ, ರಸದಾಗ ಗುಣ ಇಲ್ಲೋ, ನೀವ ಕುಡದಿಲ್ಲೋ, ಹೆಂಗ ತಿಳೀಬೇಕು?”

ಅವಳು ಹೋದ ಮೇಲೆ ಮಕ್ತುಮಸಾಬ ಸಿಡುಕಿದ. “ಲೇ ಅಂದಪ್ಪಾ, ಇದನ್ನ ಹಂಚಬಾರದಂತ ಮೊದಲ ಹೇಳಾಕ ಏನ್ ಧಾಡಿ ಆಗಿತ್ತಲೇ? ವೀರು ನನಗೇನ್ ಹೊರಗಿನವನಾ?”

ಮರುದಿನ ಬೆಳಿಗ್ಗೆ ಅವನು ಎಂದಿನಂತೆ ಬಂದು ಕೂತ. ಬಾಟಲಿ ತೆಗೆದ ಅಂದಪ್ಪನ ಕೈ ತಾನಾಗಿ ಇನ್ನೊಂದು ಲೋಟಕ್ಕೆ ಹೋಯಿತು. ಮಕ್ತುಮಸಾಬ ಬೀದಿಗೆ ಮುಖ ಮಾಡಿ, ಬೆನ್ನು ತೋರಿಸಿ ಕೂತುಬಿಟ್ಟ.

“ನಾ ಇತ್ತಾಗ ನೋಡ್ತೀನಿ. ಜಲ್ದಿ ಕುಡಿ.”

ಅಷ್ಟರಲ್ಲಿ ನೂಲು ಕೇಳಲು ನೆರೆಮನೆಯ ಅಮೃತವ್ವ ಬಂದಳು. ಮಕ್ತುಮಸಾಬ ಕೈ ಅಡ್ಡ ಹಿಡಿದ: “ನಿಲ್ಲಬೇ, ಒಳಗ ಪರೀಕ್ಷಾ ನಡದೈತಿ.”

“ಈ ವಯಸ್ಸಿನಾಗ ಇವಂಗೆಂಥಾ ಪರೀಕ್ಷಾನೋ!” ಎಂದಳಾದರೂ ಅವಳೂ ಸೆರಗು ಸರಿಮಾಡಿಕೊಂಡು ಬೀದಿಯತ್ತ ತಿರುಗಿ ನಿಂತಳು.

ಅಂದಪ್ಪ ಕುಡಿದ. ಹಣ್ಣಿನ ರಸವೋ ಬಣ್ಣದ ನೀರೋ ನಾಲಿಗೆಗೆ ತಿಳಿಯಲಿಲ್ಲ. ಬಾಗಿಲಲ್ಲಿ ಜನರಿದ್ದೂ ಒಬ್ಬನೇ ಕುಡಿದದ್ದು ಜನ್ಮದಲ್ಲಿ ಇದೇ ಮೊದಲು; ಆದರೂ ನಾಚಿಕೆಯಾಗಲಿಲ್ಲ. ಆ ಎರಡು ಬೆನ್ನುಗಳನ್ನು ನೋಡುತ್ತ ಲೋಟವನ್ನು ಬೋರಲು ಹಾಕಿದ.

“ಆತೇನಲೇ?”

“ಆತು. ಹನಿ ಸೈತ ಬಿಟ್ಟಿಲ್ಲ.”